ಮರಿ ಹಿಡಿದ ಮಗುವಿನ ಚಿತ್ರ

ಅಪ್ಪನ ಮಾತು ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಹಲ್ಲುಜ್ಜಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತವರು ಕಾಫಿ ಕೇಳುವ ಬದಲು "ಛತ್ರಿ" ಎಂದರು. ಹೊರಗೆ ಒಳ್ಳೇ ಬಿಸಿಲಿತ್ತು. ಎಲ್ಲಿಗೋ ಹೊರಟಿದ್ದಾರೇನೋ ಅಂದುಕೊಂಡು ಛತ್ರಿ ತಂದುಕೊಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಇನ್ನೊಮ್ಮೆ "ಛತ್ರಿ" ಎಂದರು, ಈ ಸಲ ಸಿಟ್ಟಿನಿಂದ. ಅದನ್ನು ತಳ್ಳಲು ಎತ್ತಿದ ಬಲಗೈ ಅರ್ಧ ದಾರಿಯಲ್ಲೇ ಕೆಳಗೆ ಬಿತ್ತು.

ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಬೇಗ ಬಂದದ್ದು ಒಳ್ಳೇದಾಯ್ತು ಅಂದರು ಡಾಕ್ಟರು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಒಂದು ತಿಂಗಳಲ್ಲಿ ಅಪ್ಪ ಕೋಲಿಲ್ಲದೆ ನಡೆದಾಡುವ ಹಾಗಾದರು. ಬಲಗೈಗೆ ಅಷ್ಟಿಷ್ಟು ಶಕ್ತಿ ಬಂತು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಹೇಳಬೇಕಾದದ್ದು ಒಳಗೆ ಸರಿಯಾಗಿಯೇ ಇರುತ್ತಿತ್ತು. ಬಾಯಿಗೆ ಬರುವಾಗ ಒಂದರ ಬದಲು ಇನ್ನೊಂದು ಬರುತ್ತಿತ್ತು, ಇಲ್ಲವೇ ಏನೂ ಬರುತ್ತಿರಲಿಲ್ಲ.

ಅಪ್ಪ ಮೊದಲಿನಿಂದಲೂ ಮಾತಿನ ಮನುಷ್ಯರಲ್ಲ. ಭದ್ರಾವತಿಯ ಕಬ್ಬಿಣದ ಫ್ಯಾಕ್ಟರಿಯಲ್ಲಿ ಕ್ರೇನ್ ನಡೆಸುತ್ತಿದ್ದವರು. ದಿನವಿಡೀ ಛಾವಣಿಯ ಹತ್ತಿರದ ಪುಟ್ಟ ಗೂಡಿನಲ್ಲಿ ಕೂತು, ಕೆಳಗೆ ನಿಂತವನ ಕೈಸನ್ನೆ ನೋಡಿಕೊಂಡು, ಕಾದ ಕಬ್ಬಿಣವನ್ನು ಎತ್ತಿ ಇಳಿಸುವ ಕೆಲಸ. ಅಲ್ಲಿ ಮಾತಾಡಿದರೂ ಯಾರಿಗೂ ಕೇಳುತ್ತಿರಲಿಲ್ಲ. ಆ ಅಭ್ಯಾಸ ಮನೆಗೂ ಬಂದಿತ್ತು. ಅಮ್ಮ ತೀರಿಕೊಂಡ ಮೇಲೆ ಶಿವಮೊಗ್ಗಕ್ಕೆ, ಸವಳಂಗ ರಸ್ತೆಯ ಪಕ್ಕದ ಓಣಿಯಲ್ಲಿರುವ ನಮ್ಮ ಮನೆಗೆ ಬಂದು ಎಂಟು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ನಾವಿಬ್ಬರೂ ಆಡಿದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಹಿಡಿಸೀತು. ಆದರೂ ಮಾತು ಕಡಿಮೆ ಇರುವುದೇ ಬೇರೆ, ಇಲ್ಲದಿರುವುದೇ ಬೇರೆ. ಅವರು ಬಾಯಿ ತೆರೆದು, ಪದ ಸಿಗದೆ, ಮುಚ್ಚುವುದನ್ನು ನೋಡಲಾಗುತ್ತಿರಲಿಲ್ಲ.

ದುರ್ಗಿಗುಡಿಯಲ್ಲಿ ಒಂದು ಮೆಡಿಕಲ್ ಶಾಪಿನ ಹಿಂದೆ ಎರಡು ಕೋಣೆಗಳ ಕ್ಲಿನಿಕ್ ಇತ್ತು. ಅಲ್ಲಿ ಮಾತು ಕಲಿಸುತ್ತಾರೆ ಎಂದು ಆಸ್ಪತ್ರೆಯವರೇ ಹೇಳಿ ಕಳಿಸಿದರು. ಕಲಿಸುವ ಹುಡುಗಿ ಕುಂಸಿಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳಾದ್ದರಿಂದ ಮಂಗಳವಾರ, ಶುಕ್ರವಾರ ಕೊನೆಯ ಪೀರಿಯಡ್ಡನ್ನು ಬೇರೆಯವರಿಗೆ ಒಪ್ಪಿಸಿ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದೆ.

ಮೊದಲ ಕೆಲವು ವಾರ ಕೆಟ್ಟದಾಗಿದ್ದವು. ಅವಳು ಚಿಕ್ಕಮಕ್ಕಳಿಗೆ ತೋರಿಸುವಂಥ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಹಿಡಿಯುತ್ತಿದ್ದಳು. ಬಾಳೆಹಣ್ಣು, ಬೀಗ, ಹಸು. ಇದೇನು ಅಂಕಲ್, ಎಂದು ಮೆಲ್ಲಗೆ ಕೇಳುತ್ತಿದ್ದಳು. ಟನ್ನುಗಟ್ಟಲೆ ಕಬ್ಬಿಣ ಎತ್ತಿದವರಿಗೆ ಬಾಳೆಹಣ್ಣಿನ ಹೆಸರು ಹೇಳಲಾಗುತ್ತಿರಲಿಲ್ಲ. ಅವರ ಕಿವಿ ಕೆಂಪಾಗುತ್ತಿತ್ತು. ನನಗೆ ತಡೆಯಲಾಗದೆ ನಾನೇ "ಬಾಳೆಹಣ್ಣು" ಎಂದುಬಿಡುತ್ತಿದ್ದೆ. ಮಕ್ಕಳು ಪದ್ಯದ ಸಾಲು ಮರೆತು ನಿಂತಾಗ ಎತ್ತಿಕೊಟ್ಟು ಅಭ್ಯಾಸವಾದ ಬಾಯಿ. ಮೂರನೇ ದಿನ ಆ ಹುಡುಗಿ ನನ್ನನ್ನು ಹೊರಗೆ ಕರೆದು, ಸ್ವಲ್ಪ ಹೆದರಿಕೊಂಡೇ ಹೇಳಿದಳು.

"ಮೇಡಂ, ನೀವು ಹೇಳಿಬಿಟ್ರೆ ಅವರು ಹುಡುಕೋದನ್ನೇ ಬಿಡ್ತಾರೆ. ಉತ್ತರ ನಿಮ್ಮ ಬಾಯಿಗೆ ಬಂದಾಗ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಆಮೇಲೂ ಹೇಳಬೇಡಿ."

ಇಪ್ಪತ್ತರವರೆಗೆ ಎಣಿಸುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಸುಮ್ಮನೆ ಕೂರಲು ನನಗೊಂದು ಆಸರೆ ಬೇಕಿತ್ತು. ಎದುರಿನ ಗೋಡೆಯಲ್ಲಿದ್ದ ಚಿತ್ರ ನೋಡುತ್ತಾ ಕೂರತೊಡಗಿದೆ.

ಅದು ಯಾವುದೋ ಹಳೇ ಕ್ಯಾಲೆಂಡರಿನ ಹಾಳೆ. ಗೋಡೆಯ ತೇವದ ಕಲೆ ಕಾಣಬಾರದೆಂದು ಆ ಹುಡುಗಿಯೇ ಕತ್ತರಿಸಿ ಅಂಟಿಸಿದ್ದಳು. ಕತ್ತರಿಸುವಾಗ ತಾರೀಕುಗಳ ಜೊತೆ ಚಿತ್ರಕಾರನ ಹೆಸರೂ ಹೋಗಿತ್ತು. ಚಿತ್ರದಲ್ಲಿ ಐದಾರು ವರ್ಷದ ಒಂದು ಹೆಣ್ಣುಮಗು ನೇರವಾಗಿ ನಮ್ಮ ಕಡೆ ಮುಖ ಮಾಡಿ ನಿಂತಿದೆ. ಮಾಸಿದ ನೀಲಿ ಫ್ರಾಕು. ಎದೆಗೆ ಒತ್ತಿಕೊಂಡಂತೆ ಒಂದು ಬಿಳಿಯ ಮರಿ, ಆಡಿನದೋ ಕುರಿಯದೋ. ಹಿಂಗಾಲು ಕೆಳಗೆ ಜೋತುಬಿದ್ದಿವೆ. ಹಿಂದಿನ ಗೋಡೆ ಕಿತ್ತಳೆ ಬಣ್ಣದ್ದು, ಅದರಲ್ಲಿ ಕುಂಚ ಎಳೆದ ಗೆರೆಗಳು ಉಳುಮೆಯ ಸಾಲುಗಳ ಹಾಗೆ ಕಾಣುತ್ತವೆ. ಮಗುವಿನ ಸುತ್ತ ದಪ್ಪನೆಯ ಕಪ್ಪು ಗೆರೆ. ಕೆನ್ನೆಯ ನೆರಳು ಕಪ್ಪಿಲ್ಲ, ಹಸಿರು. ಮೊದಲ ಸಲ ನೋಡಿದಾಗ ಮಗುವಿಗೆ ಹುಷಾರಿಲ್ಲವೇನೋ ಅನ್ನಿಸಿತ್ತು. ದಿನ ಕಳೆದಂತೆ ಆ ಹಸಿರೇ ಸರಿ ಅನ್ನಿಸತೊಡಗಿತು. ಮಗು ನಗುತ್ತಿಲ್ಲ, ಅಳುತ್ತಲೂ ಇಲ್ಲ. ನಾವು ಏನೋ ಹೇಳುತ್ತೇವೆ, ಅದನ್ನು ಕೇಳಿಸಿಕೊಳ್ಳೋಣ ಎಂದು ನಿಂತ ಹಾಗಿದೆ.

ಸರದಿಗೆ ಕಾಯುತ್ತಿದ್ದವರಲ್ಲಿ ಲಾರಿ ಮೆಕ್ಯಾನಿಕ್ ಒಬ್ಬರಿದ್ದರು, ಅವರಿಗೂ ಅಪ್ಪನ ಹಾಗೇ ಮಾತು ಹೋಗಿತ್ತು. ಅವರ ಹೆಂಡತಿ, ಬುರ್ಖಾ ಹಾಕಿದ ವಯಸ್ಸಾದ ಹೆಂಗಸು, ನಾನು ಚಿತ್ರ ನೋಡುವುದನ್ನು ನೋಡಿ ಒಂದು ದಿನ ಪಕ್ಕಕ್ಕೆ ಬಂದು ಕೂತರು. ಮರಿಗೆ ಜ್ವರ ಬಂದಿದೆ, ಅದಕ್ಕೇ ಕಾಲು ಹಾಗೆ ಬಿಟ್ಟಿದೆ, ಮಗು ಡಾಕ್ಟರ ಹತ್ತಿರ ತಂದಿದೆ, ಡಾಕ್ಟರು ಏನು ಹೇಳ್ತಾರೋ ಅಂತ ಮುಖ ನೋಡ್ತಿದೆ ಎಂದರು. ಅವರ ಮಾತಿನಲ್ಲಿ ಅನುಮಾನವೇ ಇರಲಿಲ್ಲ. ನಾನಾದರೆ ಮಗು ಮರಿಯನ್ನು ಯಾರಿಂದಲೋ ಕಾಪಾಡುತ್ತಿದೆ ಎಂದುಕೊಂಡಿದ್ದೆ.

ಅಪ್ಪನೂ ಅದನ್ನು ನೋಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಒಂದು ಶುಕ್ರವಾರ ಆ ಹುಡುಗಿ ಬೀಗದ ಕಾರ್ಡು ಹಿಡಿದು ಕಾಯುತ್ತಿದ್ದಾಗ ಅಪ್ಪ ಅದನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು. ಗೋಡೆಯ ಕಡೆ ಬೆರಳು ಮಾಡಿದರು. ಬಾಯಿ ತೆರೆದರು, ಮುಚ್ಚಿದರು. ನಾನು ಎಣಿಸತೊಡಗಿದೆ. ಹದಿನಾಲ್ಕು ಆಗಿತ್ತು.

"ಕುಟ್ಟಿ," ಎಂದರು ಅಪ್ಪ. ಆಮೇಲೆ, "ಬಿಡು."

ಹುಡುಗಿಯ ಮುಖ ಅರಳಿತು. ಎರಡು ಪದ ಜೋಡಿಸಿ ಹೇಳಿದ್ದು ಅದೇ ಮೊದಲು. ಆದರೆ ಅರ್ಥ? ಕುಟ್ಟಿ ಬಿಡು. ಒನಕೆಯಲ್ಲಿ ಕುಟ್ಟುವುದು, ಸುತ್ತಿಗೆಯಲ್ಲಿ ಕುಟ್ಟುವುದು ನಮಗೆ ಗೊತ್ತು. ಮಗುವನ್ನೂ ಮರಿಯನ್ನೂ ನೋಡಿ ಕುಟ್ಟಿಬಿಡು ಅನ್ನುವುದೇನು? ಫ್ಯಾಕ್ಟರಿಯಲ್ಲಿ ಇದ್ದವರಲ್ವಾ, ಹಳೇ ಕೆಲಸದ ಮಾತು ಬಂದಿರಬಹುದು ಎಂದಳು ಅವಳು. ಅಪ್ಪ ಸುತ್ತಿಗೆ ಹಿಡಿದವರೇ ಅಲ್ಲ ಎಂದೆ. ಮನೆಗೆ ಬಂದು ನಾನು ಒರಳುಕಲ್ಲು ತೋರಿಸಿದೆ. ಮೊಳೆ, ಸುತ್ತಿಗೆ ತೋರಿಸಿದೆ. ಯಾರನ್ನ ಕುಟ್ಟಬೇಕಪ್ಪ ಎಂದೂ ಕೇಳಿದೆ. ಅವರು ಎಡಗೈಯಿಂದ ಹಣೆ ಚಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದರು.

ಅಲ್ಲಿಂದ ಮುಂದೆ ಪ್ರತಿ ಸಲವೂ ಕ್ಲಿನಿಕ್ಕಿಗೆ ಹೋದಕೂಡಲೇ ಅದೇ ಎರಡು ಪದ. ಕಾರ್ಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹುಡುಗಿ ಜಾಣೆ, ಕಾರ್ಡುಗಳನ್ನು ಡ್ರಾಯರಿಗೆ ಹಾಕಿ, ಕುರ್ಚಿಯನ್ನು ಚಿತ್ರದ ಎದುರಿಗೇ ಹಾಕಿಸಿದಳು. ಫ್ರಾಕ್ ಯಾವ ಬಣ್ಣ ಅಂಕಲ್, ಮರಿ ಯಾವ ಬಣ್ಣ ಎಂದು ಕೇಳತೊಡಗಿದಳು. ನಿಧಾನವಾಗಿ ನೀಲಿ ಬಂತು, ಬಿಳಿ ಬಂತು, ಕಾಲು ಬಂತು. ಆದರೆ ಈ ಮಗು ಏನು ಮಾಡ್ತಿದೆ ಎಂದು ಕೇಳಿದರೆ ಮತ್ತೆ ಅದೇ. ಕುಟ್ಟಿ ಬಿಡು. ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು.

ನಾನು ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಯಾರದ್ದೆಂದು ಹೇಳಲಾಗುವುದಿಲ್ಲ, ಆದರೆ ಪೋಸ್ಟ್ ಇಂಪ್ರೆಷನಿಸ್ಟರ ಕಾಲದ್ದಿರಬೇಕು ಎಂದರು. ನನಗೆ ಗೊತ್ತಾಗಲೆಂದು ಸರಳವಾಗಿ ವಿವರಿಸಿದರು. ಅವರಿಗಿಂತ ಸ್ವಲ್ಪ ಮುಂಚಿನವರು ಬಯಲಿಗೆ ಹೋಗಿ, ಆ ಕ್ಷಣದ ಬೆಳಕು ಕಣ್ಣಿಗೆ ಹೇಗೆ ಬಿತ್ತೋ ಹಾಗೆ ಬರೆಯುತ್ತಿದ್ದರಂತೆ. ಇವರಿಗೆ ಅದು ಸಾಕಾಗಲಿಲ್ಲ. ಕಣ್ಣಿಗೆ ಕಂಡದ್ದು ಮನಸ್ಸಿನಲ್ಲಿ ಇಳಿದು ಏನಾಗಿ ಉಳಿಯಿತೋ ಅದನ್ನು ಬರೆದರು. ಅದಕ್ಕೇ ಕೆನ್ನೆ ಹಸಿರು, ಅದಕ್ಕೇ ಗೋಡೆ ಕಿತ್ತಳೆ. ಕೆನ್ನೆ ನಿಜವಾಗಿ ಯಾವ ಬಣ್ಣ ಎಂದು ಕೇಳುವ ಹಾಗಿಲ್ಲ ಎಂದರು.

ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ಮಗುವಿನ ಕೈ ತೋರಿಸಿದರು. "ಇಲ್ಲಿ ನೋಡಿ ಮೇಡಂ. ಮರಿಯ ಕಿವಿ ಎಷ್ಟು ಚೆನ್ನಾಗಿ ಬರೆದಿದ್ದಾನೆ, ಆದ್ರೆ ಮಗುವಿನ ಬೆರಳು ಬರೆದೇ ಇಲ್ಲ. ಎರಡು ಗೀಟು ಬಣ್ಣ ಎಳೆದು ಬಿಟ್ಟಿದ್ದಾನೆ. ಬರೆಯೋಕೆ ಬಾರದೆ ಅಲ್ಲ, ಬೇಕಂತಲೇ."

ನಿಜ. ಅಷ್ಟು ದಿನ ನೋಡಿಯೂ ನಾನು ಗಮನಿಸಿರಲಿಲ್ಲ. ಮಗುವಿಗೆ ಬೆರಳುಗಳಿರಲಿಲ್ಲ. ಮರಿಯ ಹೊಟ್ಟೆಯ ಹತ್ತಿರ ತಿಳಿ ಕಂದು ಬಣ್ಣದ ಎರಡು ಎಳೆತ. ಬಿಗಿಯಾಗಿ ಹಿಡಿದಿದೆ ಅಂದರೆ ಹೌದು. ಹಿಡಿತ ಸಡಿಲಿಸಿದೆ ಅಂದರೆ ಅದೂ ಹೌದು. ಆ ದಿನ ಸಂಜೆ ಎಲ್ಲ ಅಪ್ಪನ ಎರಡನೇ ಪದವೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಿಡು. ಕುಟ್ಟುವ ಮಾತೇ ಅಲ್ಲವೇನೋ ಇದು. ಎರಡೂ ಬೇರೆ ಬೇರೆ ಪದಗಳೇನೋ. ಮಕ್ಕಳಿಗೆ ಪದ ಬಿಡಿಸಿ ಬರೆಯಿರಿ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿರುವ ನನಗೆ ಇದು ಹೊಳೆಯಲು ಎರಡು ತಿಂಗಳು ಬೇಕಾಯಿತು.

ಅಪ್ಪನ ಹಳೆಯ ಮಾತು ತಿಳಿದವರು ಉಳಿದಿದ್ದದ್ದು ಒಬ್ಬರೇ, ಅವರ ತಂಗಿ, ನನ್ನ ಅತ್ತೆ. ಭದ್ರಾವತಿಯ ಜನ್ನಾಪುರದಲ್ಲಿ ಇರುತ್ತಾರೆ. ಮಾವ ಇಲ್ಲ, ಮಕ್ಕಳಾಗಲಿಲ್ಲ. ಅರವತ್ತೈದು ದಾಟಿದ ಮೇಲೂ ಮನೆಯ ಮುಂದಿನ ಕೋಣೆಯಲ್ಲಿ ಮಿಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾರೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಬಂದಿದ್ದರು. ಆಮೇಲೆ ಬರಲಿಲ್ಲ. ಮಂಡಿನೋವು ಎಂದು ಫೋನಿನಲ್ಲಿ ಹೇಳಿದ್ದರು. ಅಣ್ಣ ಬಾಯಿ ಬಾರದೆ ಕೂತಿರುವುದನ್ನು ನೋಡಲಾರದೆ ಬರುತ್ತಿಲ್ಲ ಎಂದು ನನಗೆ ಗೊತ್ತಿತ್ತು.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಭದ್ರಾವತಿಯ ಬಸ್ಸು ಹತ್ತಿದೆ. ಅತ್ತೆ ಒಂದು ರವಿಕೆಯ ತೋಳು ಕೂಡಿಸುತ್ತಿದ್ದರು. ಕೂತ್ಕೋ ಮಾರಾಯ್ತಿ, ಇದೊಂದು ಗೆರೆ ಮುಗಿಸ್ತೀನಿ ಎಂದರು. ನಾನು ಅಪ್ಪನ ಸುದ್ದಿ ಹೇಳುತ್ತಾ, ಹೀಗೊಂದು ಚಿತ್ರವಿದೆ, ಅದನ್ನು ನೋಡಿದಾಗಲೆಲ್ಲ ಅಪ್ಪ 'ಕುಟ್ಟಿ, ಬಿಡು' ಅಂತಾರೆ ಎಂದೆ.

ಮಿಷಿನ್ ನಿಂತಿತು. ಅತ್ತೆ ಕೈ ಚಾಚಿ ಫೋನ್ ಇಸಿದುಕೊಂಡರು. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡತೊಡಗಿದರು. ನಾನು ಇಪ್ಪತ್ತರವರೆಗೆ ಎಣಿಸಿ, ಮತ್ತೆ ಮೊದಲಿನಿಂದ ಎಣಿಸತೊಡಗಿದೆ. ಆಮೇಲೆ ಅವರು ಹೇಳಿದ್ದು ಇದು.

ಅವರಿಗೆ ಏಳು ವರ್ಷ, ಅಪ್ಪನಿಗೆ ಹದಿನಾಲ್ಕು. ತಾತನಿಗೂ ಫ್ಯಾಕ್ಟರಿಯಲ್ಲೇ ಕೆಲಸ, ಎಲ್ಲರೂ ಕ್ವಾರ್ಟರ್ಸಿನಲ್ಲಿದ್ದರು. ಪಕ್ಕದ ಮನೆಯವರು ತಮಿಳರು. ಆ ಮನೆಯ ಅಜ್ಜಿ ಹಿತ್ತಲಿನಲ್ಲಿ ಮೂರು ನಾಲ್ಕು ಆಡು ಸಾಕಿಕೊಂಡಿತ್ತು. ಒಂದು ಆಡು ಎರಡು ಮರಿ ಹಾಕಿದಾಗ ಅದರಲ್ಲೊಂದು ತೀರ ನಿಶ್ಶಕ್ತ, ನಿಂತು ಮೊಲೆಗೆ ಬಾಯಿ ಹಾಕಲಾಗುತ್ತಿರಲಿಲ್ಲ. ಅಜ್ಜಿ ಅದನ್ನು ತಂದು ಅತ್ತೆಯ ಮಡಿಲಿಗೆ ಹಾಕಿ, ನೀನು ಹಾಲು ಕುಡಿಸು ಎಂದಿತಂತೆ. ಕುಟ್ಟಿ, ಕುಟ್ಟಿ ಎಂದು ಕರೆಯುತ್ತಿತ್ತಂತೆ. ತಮಿಳಿನಲ್ಲಿ ಹಾಗೆಂದರೆ ಮರಿ. ಇವರು ಅದೇ ಅದರ ಹೆಸರು ಅಂದುಕೊಂಡರು. ಬಟ್ಟೆಯ ಬತ್ತಿ ಹಾಲಿನಲ್ಲಿ ಅದ್ದಿ ಅದ್ದಿ ಕುಡಿಸಿ ಅತ್ತೆ ಅದನ್ನು ಉಳಿಸಿಕೊಂಡರು. ರಾತ್ರಿ ಗೋಣಿಚೀಲ ಹಾಸಿ ತಮ್ಮ ಕಾಲ ಹತ್ತಿರವೇ ಮಲಗಿಸಿಕೊಳ್ಳುತ್ತಿದ್ದರು. ಸ್ಕೂಲಿನಿಂದ ಬರುವ ಹೊತ್ತಿಗೆ ಅದು ಗೇಟಿಗೆ ಬಂದು ನಿಂತಿರುತ್ತಿತ್ತು.

ಮೂರು ತಿಂಗಳಾಗುವಷ್ಟರಲ್ಲಿ ಆ ಮನೆಯ ಯಜಮಾನರು ರಿಟೈರಾದರು. ಸೇಲಂ ಕಡೆ ಅವರ ಊರು. ಲಾರಿ ಬಂತು. ಪಾತ್ರೆ, ಮಂಚ, ಆಡುಗಳು ಎಲ್ಲ ಏರಿದವು. ಕುಟ್ಟಿಯೂ ಅವರದ್ದೇ ತಾನೇ. ಕೊಡುವುದಿಲ್ಲ ಅನ್ನುವ ಹಾಗಿರಲಿಲ್ಲ, ಅವರೂ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅತ್ತೆ ಮರಿಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರಂತೆ. ದೊಡ್ಡವರು ಯಾರು ಹೇಳಿದರೂ ಬಿಡಲಿಲ್ಲ.

"ಕೊನೆಗೆ ಅಮ್ಮ ನಿಮ್ಮಪ್ಪನಿಗೆ ಹೇಳಿದಳು," ಎಂದರು ಅತ್ತೆ. "ಅವನು ಬಂದು 'ಕುಟ್ಟೀನ ಬಿಡು, ಕುಟ್ಟೀನ ಬಿಡು' ಅಂತ ಹೇಳ್ತಾ ಹೇಳ್ತಾ ನನ್ನ ಒಂದೊಂದೇ ಬೆರಳು ಬಿಡಿಸಿದ. ನಾನು ಅವನ ಕೈ ಕಚ್ಚಿದ್ದೆ. ರಕ್ತ ಬಂತು. ಅವನು ಕೂಗಲಿಲ್ಲ."

ಒಂದು ತಿಂಗಳು ಅಣ್ಣನ ಜೊತೆ ಮಾತು ಬಿಟ್ಟಿದ್ದರಂತೆ. ಆಮೇಲೆ ಮರೆತುಹೋಯಿತು, ಮಕ್ಕಳಲ್ವಾ ಎಂದರು. ನನಗೆ ಮಾತ್ರ ಬೇರೇನೋ ನೆನಪಾಗುತ್ತಿತ್ತು. ಸಿಟ್ಟು ಬಂದಾಗ ನಮ್ಮೆಲ್ಲರಿಗೂ ಒಂದೆರಡು ಮಾತು ಬೈಯುತ್ತಿದ್ದ ಅಪ್ಪ ಅತ್ತೆಗೆ ಒಂದು ದಿನವೂ ಎದುರು ಮಾತಾಡಿದ್ದನ್ನು ನಾನು ನೋಡಿಲ್ಲ. ಅತ್ತೆ ಹೇಳಿದ್ದಕ್ಕೆಲ್ಲ ಆಗಲಿ, ಆಗಲಿ. ಅಮ್ಮ ಅದನ್ನೇ ಹಿಡಿದು ತಮಾಷೆ ಮಾಡುತ್ತಿದ್ದಳು. ಅದರ ಹಿಂದೆ ಹೀಗೊಂದು ಮರಿ ಇದೆ ಎಂದು ಅಮ್ಮನಿಗೂ ತಿಳಿದಿರಲಾರದು.

ಶುಕ್ರವಾರ ಬರ್ತೀನಿ ನಡಿ ಎಂದರು ಅತ್ತೆ. ಮಂಡಿಯ ಮಾತು ಎತ್ತಲಿಲ್ಲ.

ಆ ಶುಕ್ರವಾರ ನಾವು ಮೂವರೂ ಕ್ಲಿನಿಕ್ಕಿಗೆ ಹೋದೆವು. ಆ ಹುಡುಗಿಗೆ ನಾನು ಮೊದಲೇ ಫೋನಿನಲ್ಲಿ ಎಲ್ಲ ಹೇಳಿದ್ದೆ. ಅವಳು ಇನ್ನೊಂದು ಕುರ್ಚಿ ತಂದು ಅಪ್ಪನ ಪಕ್ಕ ಹಾಕಿ, ತಾನು ಹಿಂದೆ ಸರಿದು ಕಿಟಕಿಯ ಹತ್ತಿರ ನಿಂತಳು. ಅಣ್ಣ ತಂಗಿ ಇಬ್ಬರೂ ಸಿನಿಮಾ ನೋಡುವವರ ಹಾಗೆ ಚಿತ್ರದ ಎದುರು ಕೂತರು. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. ಫೋನಿನಲ್ಲಿ ನೋಡಿದ್ದಕ್ಕೂ ಇದಕ್ಕೂ ವ್ಯತ್ಯಾಸವಿತ್ತೇನೋ, ಎದ್ದು ಹತ್ತಿರ ಹೋದರು, ಮಗುವಿನ ಕೈ ಇದ್ದ ಜಾಗದಲ್ಲಿ ಕಣ್ಣು ನೆಟ್ಟು ನಿಂತರು, ವಾಪಸ್ ಬಂದು ಕೂತರು.

ಅಪ್ಪ ಬೆರಳು ತೋರಿಸಿದರು. "ಕುಟ್ಟಿ."

"ಹೌದಣ್ಣ. ಕುಟ್ಟಿ."

ಅಪ್ಪನ ಮುಖದಲ್ಲಿ ಆಗ ಕಂಡದ್ದನ್ನು ಹೇಗೆ ಹೇಳಲಿ. ಎರಡು ತಿಂಗಳಿಂದ ಬಾಗಿಲು ತಟ್ಟುತ್ತಾ ನಿಂತವರಿಗೆ ಒಳಗಿನಿಂದ ಯಾರೋ ಓ ಎಂದ ಹಾಗಾಗಿತ್ತು. "ಬಿಡು," ಎಂದರು. "ಬಿಡು. ನಾ... ನಾನು." ಮುಂದಿನ ಪದ ಸಿಗಲಿಲ್ಲ. ಆಗ ಅವರು ಮಾಡಿದ್ದನ್ನು ನಾನು ಮರೆಯಲಾರೆ. ತೊಡೆಯ ಮೇಲೆ ಮಡಚಿಕೊಂಡಿದ್ದ ಬಲಗೈಯನ್ನು ಎಡಗೈಯಿಂದ ಹಿಡಿದು, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ತೋರುಬೆರಳಿಗೆ ಬರುವಷ್ಟರಲ್ಲಿ ಅತ್ತೆ ಆ ಎರಡು ಕೈಗಳನ್ನೂ ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಇಲ್ಲ ಅಣ್ಣ. ಆ ಕೈ ನೋಡು. ಗಟ್ಟಿ ಹಿಡ್ಕೊಂಡಿದೆಯಾ? ಇಲ್ಲ. ನಾನೇ ಬಿಟ್ಟಿದ್ದು."

ಅಪ್ಪ ಚಿತ್ರ ನೋಡಿದರು, ತಂಗಿಯನ್ನು ನೋಡಿದರು. "ನೀ... ನೇ?"

"ನಾನೇ. ಅದರ ತಾಯಿ ಲಾರಿ ಮೇಲಿಂದ ಕೂಗ್ತಾ ಇತ್ತು, ನೆನಪಿಲ್ವಾ? ಅದನ್ನ ಕೇಳಿ ನಾನು ಕೈ ಸಡಿಲ ಮಾಡಿದೆ. ಮರಿ ಕೆಳಗೆ ಬೀಳದ ಹಾಗೆ ನೀನು ಕೈ ಒಡ್ಡಿದೆ. ಅಷ್ಟೇ ನೀನು ಮಾಡಿದ್ದು."

ಅಪ್ಪ ಅತ್ತರು. ಸ್ಟ್ರೋಕ್ ಆದವರಿಗೆ ಅಳು ಬೇಗ ಬರುತ್ತದೆ, ಅದಕ್ಕೆ ಅರ್ಥ ಹುಡುಕಬೇಡಿ ಎಂದು ಡಾಕ್ಟರು ಹೇಳಿದ್ದರು. ಈ ಅಳು ಬೇರೆ. ಅತ್ತೆ ಸೆರಗಿನಿಂದ ಅವರ ಮುಖ ಒರೆಸಿದರು, ಚಿಕ್ಕ ಮಗುವಿಗೆ ಒರೆಸುವ ಹಾಗೆ ಮೂಗನ್ನೂ ಸೇರಿಸಿ. ಕಿಟಕಿಯ ಹತ್ತಿರದ ಹುಡುಗಿ ಹೊರಗೆ ನೋಡುತ್ತಾ ನಿಂತಿದ್ದಳು.

ಸಂಜೆ ಅತ್ತೆಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಭದ್ರಾವತಿಯ ಬಸ್ಸು ಇನ್ನೂ ತುಂಬಿರಲಿಲ್ಲ. ಕಿಟಕಿಯ ಪಕ್ಕ ಕೂರಿಸಿ, ನಾನು ಪಕ್ಕದ ಸೀಟಿನಲ್ಲಿ ಕೂತೆ. ಕೇಳಬಾರದು ಎಂದುಕೊಂಡಿದ್ದೆ, ಕೇಳಿಯೇಬಿಟ್ಟೆ. ನನಗೆ ಹೇಳಿದ್ದು ಒಂದು, ಅಪ್ಪನಿಗೆ ಹೇಳಿದ್ದು ಇನ್ನೊಂದು. ಅವರ ಸಮಾಧಾನಕ್ಕೆ ಹಾಗೆ ಹೇಳಿದಿರಾ ಎಂದೆ.

ಅತ್ತೆ ಬೇಸರ ಮಾಡಿಕೊಳ್ಳಲಿಲ್ಲ. ಅವರೂ ಅದನ್ನೇ ಯೋಚಿಸುತ್ತಿದ್ದರು ಅನ್ನಿಸುತ್ತದೆ.

"ಸುಳ್ಳು ಹೇಳೋಕೆ ಅಂತಲೇ ಬಂದಿದ್ದೆ ಮಾರಾಯ್ತಿ," ಎಂದರು. "ಆದ್ರೆ ಆ ಮಗುವಿನ ಕೈ ನೋಡ್ತಾ ನೋಡ್ತಾ ತಾಯಿ ಆಡು ಕೂಗಿದ್ದು ನಿಜವಾಗ್ಲೂ ಕೇಳಿಸ್ತು. ಇಷ್ಟು ವರ್ಷ ಕಚ್ಚಿದ್ದೊಂದೇ ನೆನಪಿತ್ತು. ಕಚ್ಚಿದ್ದೂ ಹೌದು. ಆಮೇಲೆ ಬಿಟ್ಟಿದ್ದೂ ಹೌದಿರಬೇಕು. ಹದಿನಾಲ್ಕು ವರ್ಷದ ಹುಡುಗ, ನಾನು ಬಿಡದೇ ಇದ್ದಿದ್ರೆ ಅವನ ಕೈಲಿ ಆಗ್ತಿತ್ತಾ?"

ಡ್ರೈವರ್ ಹತ್ತಿದ. ನಾನು ಇಳಿದೆ. ಮನೆಗೆ ನಡೆದು ಬರುವಾಗ ಡ್ರಾಯಿಂಗ್ ಮೇಷ್ಟರು ಹೇಳಿದ್ದರ ಬಗ್ಗೆ ಯೋಚಿಸಿದೆ. ಆ ಚಿತ್ರಕಾರ ಯಾವ ದೇಶದವನೋ, ಯಾವ ಮಗುವನ್ನು ನೋಡಿ ಬರೆದನೋ. ಆ ಮಗು ಆಮೇಲೆ ಮರಿಯನ್ನು ಏನು ಮಾಡಿತು ಎಂಬುದು ಅವನಿಗೂ ಗೊತ್ತಿರಲಿಕ್ಕಿಲ್ಲ. ಬೆರಳುಗಳನ್ನು ಬರೆಯದೆ ಬಿಟ್ಟನಲ್ಲ, ಅದು ಅವನು ನಮ್ಮ ಅತ್ತೆಗೆ ಮಾಡಿದ ದೊಡ್ಡ ಉಪಕಾರ. ಆ ಜಾಗದಲ್ಲಿ ಅವರು ತಮ್ಮ ಬೆರಳುಗಳನ್ನು ಇಟ್ಟುಕೊಂಡರು. ಕವಿಯ ಆಶಯವೇನು ಎಂಬ ಪ್ರಶ್ನೆಗೆ ಒಂದೇ ಉತ್ತರಕ್ಕೆ ಅಂಕ ಕೊಡುತ್ತಾ ಬಂದವಳು ನಾನು. ಮಾರನೇ ದಿನದ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಪದ್ಯಕ್ಕೆ ಏನೇನೋ ಅರ್ಥ ಹೇಳಿದಾಗ ತಿದ್ದಲು ಹೋಗಲಿಲ್ಲ.

ಅಪ್ಪ 'ಕುಟ್ಟಿ ಬಿಡು' ಅನ್ನುವುದು ನಿಂತಿತು. ಚಿತ್ರ ನೋಡಿದಾಗ "ಮಗು, ಮರಿ" ಎಂದು ಹೇಳಿ ಮುಂದಿನ ಕೆಲಸಕ್ಕೆ ತಿರುಗುತ್ತಿದ್ದರು. ಕಾರ್ಡುಗಳಿಗೂ ಅವರಿಗೂ ರಾಜಿಯಾಯಿತು. ಒಂದೊಂದು ಪದ ವಾಪಸ್ ಬರುತ್ತಿತ್ತು, ಕೆಲವು ಒಂದು ವಾರ ಇದ್ದು ಮತ್ತೆ ಹೋಗುತ್ತಿದ್ದವು. ನನ್ನ ಹೆಸರಿನ ಬದಲು ಅಮ್ಮನ ಹೆಸರು ಬರುತ್ತಿತ್ತು. ಅತ್ತೆ ವಾರಕ್ಕೊಂದು ಸಲ ಬಂದು ಅಣ್ಣನ ಎದುರು ಕೂತು ರವಿಕೆಗಳಿಗೆ ಗುಂಡಿ ಹೊಲಿಯುತ್ತಾ, ಕ್ವಾರ್ಟರ್ಸಿನ ಹಳೇ ಕತೆಗಳನ್ನು ಹೇಳುತ್ತಿದ್ದರು. ಅಪ್ಪ ಹೂಂ, ಉಹೂಂ ಎನ್ನುತ್ತಾ ಕೇಳುತ್ತಿದ್ದರು.

ಅಪ್ಪನ ಮಾತು ಹೋಗಿ ಹತ್ತಿರ ಹತ್ತಿರ ಒಂದು ವರ್ಷವಾಗುವಾಗ, ಒಂದು ರಜಾ ದಿನ ಅವರನ್ನು ಭದ್ರಾವತಿಗೆ ಕರೆದುಕೊಂಡು ಹೋಗಿ, ಜನ್ನಾಪುರದಲ್ಲಿ ಅತ್ತೆಯನ್ನೂ ಆಟೋಗೆ ಹತ್ತಿಸಿಕೊಂಡೆ. ಹಳೇ ಕ್ವಾರ್ಟರ್ಸ್ ನೋಡಬೇಕೆಂದು ಅತ್ತೆಯೇ ಹೊರಡಿಸಿದ್ದು. ಆಟೋ ಇಳಿದು ಸಾಲುಮನೆಗಳ ಎದುರು ನಿಂತೆವು. ಅರ್ಧ ಮನೆಗಳಿಗೆ ಬೀಗ. ಕೆಲವಕ್ಕೆ ಹೆಂಚು ಜಾರಿತ್ತು, ಅಂಗಳದಲ್ಲಿ ಲಂಟಾನ ಬೆಳೆದಿತ್ತು. ಇನ್ನು ಕೆಲವು ಮನೆಗಳಲ್ಲಿ ಜನ ಇದ್ದರು, ಹೊಸ ಬಣ್ಣ, ಡಿಶ್, ಬಾಗಿಲಿಗೆ ತೋರಣ. ಎಲ್ಲ ಮನೆಗಳೂ ಒಂದೇ ಥರ.

ಅತ್ತೆ ಸರಸರನೆ ಮುಂದೆ ಹೋಗಿ ಒಂದು ಮನೆಯ ಎದುರು ನಿಂತು, ಇದೇ ನಮ್ಮದು, ಆ ಪಕ್ಕದ್ದು ಅಜ್ಜಿಯದ್ದು ಎಂದರು. ಅಪ್ಪ ತಲೆ ಅಲ್ಲಾಡಿಸಿದರು. ಎರಡು ಮನೆ ಆಚೆಗೆ ಕೈ ತೋರಿಸಿ "ಅದು" ಎಂದರು. ಅತ್ತೆ ಒಪ್ಪಲಿಲ್ಲ. ಇಲ್ಲೇ ನಲ್ಲಿ ಇತ್ತು, ಇಲ್ಲೇ ಪೇರಲೆ ಮರ ಇತ್ತು, ಎಲ್ಲ ನನಗೆ ಚೆನ್ನಾಗಿ ನೆನಪಿದೆ ಎಂದು ಸಾಧಿಸತೊಡಗಿದರು. ಮಾತಿನ ಗದ್ದಲ ಕೇಳಿ ಒಂದು ಮನೆಯಿಂದ ಹೆಂಗಸೊಬ್ಬಳು ಹೊರಗೆ ಬಂದಳು. ಅಪ್ಪನ ಕಿವಿ ಕೆಂಪಾಯಿತು. ನನಗೆ ಹೆದರಿಕೆಯಾಯಿತು. ಅವರು ಸೊಂಟಕ್ಕೆ ಎಡಗೈ ಇಟ್ಟು ತಂಗಿಯ ಕಡೆ ತಿರುಗಿದರು.

"ನಿನಗೇನು ಗೊತ್ತು, ನೀನು ಚಿಕ್ಕೋಳು."

ಒಂದೇ ಉಸಿರಿಗೆ, ತಡವರಿಸದೆ, ಪೂರ್ತಿ ವಾಕ್ಯ. ಅತ್ತೆಗೆ ಅಪ್ಪ ಎದುರು ಮಾತಾಡಿದ್ದು ನಾನು ಕಂಡಂತೆ ಅದೇ ಮೊದಲು. ಏನಾಯಿತೆಂದು ಅಪ್ಪನಿಗೆ ತಕ್ಷಣ ಗೊತ್ತಾಗಲಿಲ್ಲ. ಅತ್ತೆಗೆ ಗೊತ್ತಾಯಿತು. ಅವರು ಬಾಯಿಗೆ ಸೆರಗು ಇಟ್ಟುಕೊಂಡು, ಕಣ್ಣು ತುಂಬಿಕೊಂಡು, ಆಯ್ತಣ್ಣ, ಅದೇ ಇರಲಿ ಎಂದು ನಗತೊಡಗಿದರು. ಹೊರಗೆ ಬಂದಿದ್ದ ಹೆಂಗಸು ಯಾರು ಬೇಕಿತ್ತು ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಅಪ್ಪ ಅವಳ ಕಡೆಗೆ ನಡೆದರು, ತಮ್ಮ ಮನೆ ಯಾವುದೆಂದು ತಾವೇ ಹೇಳಲಿಕ್ಕೆ.